ಯಾರು ಜವಾಬ್ದಾರಿ ಎಂದು ಕೇಳಿದರು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ ಎಂದು ಸೇರಿಸುತ್ತಿದ್ದಳು, ಮಗಳ ಮರ್ಯಾದೆ ಉಳಿಸಲು. ಮೊದಲನೆಯ ಮಾತು ಪೂರ್ತಿ ನಿಜ. ಎರಡನೆಯದು ಒಂದು ಸಲ ಮಾತ್ರ ಸುಳ್ಳಾಗಿದೆ. ಎಲ್ಲರ ಬಾಯಲ್ಲೂ ಡಾಟ್ ಕಾಮ್ ಎನ್ನುವ ಮಾತೇ ಇದ್ದ ಕಾಲದಲ್ಲಿ, ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಒಂದು ಮೀಟಿಂಗಿನಲ್ಲಿ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಅದು ಸ್ಯಾನ್ ಹೋಸೆ ಕಡೆಯ ಒಂದು ಕಮ್ಯುನಿಟಿ ಕಾಲೇಜು. ಎರಡು ವರ್ಷದ ಸರ್ಕಾರಿ ಕಾಲೇಜು ಎನ್ನಿ. ಫೀಸು ಕಡಿಮೆ, ಯಾರು ಬೇಕಾದರೂ ಸೇರಬಹುದು, ಚೆನ್ನಾಗಿ ಓದಿದವರು ಅಲ್ಲಿಂದ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ ಡಿಗ್ರಿ ಮುಗಿಸಬಹುದು. ನಾನು ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿದವಳು. ಮಕ್ಕಳಿಬ್ಬರೂ ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ಗೋಡೆ ನೋಡಲಾರದೆ ಆ ಕಾಲೇಜಿನ ಗಣಿತದ ಲ್ಯಾಬಿಗೆ ಸೇರಿಕೊಂಡೆ. ಲ್ಯಾಬು ಎಂದರೆ ಪ್ರಯೋಗ ಗಿಯೋಗ ಏನಿಲ್ಲ. ಕೆಲವು ದೊಡ್ಡ ಮೇಜು, ಒಂದು ಬೋರ್ಡು. ಕ್ಲಾಸಿನಲ್ಲಿ ಅರ್ಥವಾಗದವರು ಬಂದು ಕೂತರೆ ನಾವು ಹೇಳಿಕೊಡಬೇಕು. ಆಗ ನಮ್ಮ ಕನ್ನಡದವರ ಊಟದ ಕೂಟಗಳಲ್ಲಿ ಸ್ಟಾಕಿನದೇ ಮಾತು. ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿ, ನಾನು ಹೇಳಿದರೆ, "ಓ, ಕಮ್ಯುನಿಟಿ ಕಾಲೇಜಾ" ಎಂದು ಚಟ್ನಿ ಬಡಿಸಿಕೊಳ್ಳಲು ಆ ಕಡೆ ತಿರುಗಿಬಿಡುತ್ತಿದ್ದರು.

ಆ ಲ್ಯಾಬಿಗೆ ಮಾಜಿ ಸೈನಿಕರು ಬರುತ್ತಿದ್ದರು. ಸೈನ್ಯ ಬಿಟ್ಟು ಬಂದು, ವಯಸ್ಸಾದ ಮೇಲೆ ಮತ್ತೆ ಪಾಟಿ ಹಿಡಿದವರು. ಅವರನ್ನು ಕಂಡರೆ ಕಾಲೇಜಿಗೆ ಬಹಳ ಗೌರವ, ವರ್ಷಕ್ಕೆ ಒಂದು ದಿನ. ಮಾಜಿ ಸೈನಿಕರ ದಿನ ಬಂತೆಂದರೆ ಲಾನಿನ ತುಂಬ ಪುಟ್ಟ ಪುಟ್ಟ ಬಾವುಟ ನೆಡುತ್ತಿದ್ದರು, ಡೀನು ಎದೆಯ ಮೇಲೆ ಕೈಯಿಟ್ಟು ಭಾಷಣ ಮಾಡುತ್ತಿದ್ದರು, ಬಿಟ್ಟಿ ಕಾಫಿ ಮತ್ತು ಡೋನಟ್ ಇರುತ್ತಿತ್ತು. ಮಿಕ್ಕ ದಿನ ಅವರಿಗೇನಾದರೂ ಸಹಾಯ ಬೇಕಾದರೆ ನೆಲಮಾಳಿಗೆಗೆ ಇಳಿದು, ಪಾರ್ಕಿಂಗ್ ಪರ್ಮಿಟ್ಟು ಕೊಡುವ ಕಿಟಕಿಯ ಮುಂದೆ ಕ್ಯೂ ನಿಲ್ಲಬೇಕು. ಎರಡಕ್ಕೂ ಒಂದೇ ಕಿಟಕಿ, ಒಬ್ಬಳೇ ಗುಮಾಸ್ತೆ. ಆಕೆ ಊಟಕ್ಕೆ ಹೋದರೆ ದೇಶಸೇವೆಗೂ ಪಾರ್ಕಿಂಗಿಗೂ ಒಟ್ಟಿಗೇ ರಜ.

ನನ್ನ ಕಥೆಗೆ ಬೇಕಾದವರು ಅವರಲ್ಲಿ ಮೂವರು. ಹಿರಿಯವನು ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದವನು. ನಲವತ್ತರ ಹತ್ತಿರದ ವಯಸ್ಸು, ತಂಗಿಯ ಮನೆ ಗಿಲ್‌ರಾಯ್‌ನಲ್ಲಿ, ಅಲ್ಲಿಂದ ದಿನಾ ಹಳೆಯ ಪಿಕಪ್ಪಿನಲ್ಲಿ ಬರುತ್ತಿದ್ದ. ಆತನಿಗೆ ಬೇಕಾಗಿದ್ದುದು ಒಂದೇ: ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಬೇಕು. ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೀಟೂ ಸಿಕ್ಕಿತ್ತು, ನಮ್ಮಲ್ಲಿ ಒಂದು ಗಣಿತದ ಕೋರ್ಸು ಪಾಸಾಗುವುದಷ್ಟೇ ಬಾಕಿ. ಎರಡನೆಯವಳು ಸೈನ್ಯದ ಆಂಬ್ಯುಲೆನ್ಸಿನಲ್ಲಿ ಕೆಲಸ ಮಾಡಿ ಬಂದ ಹುಡುಗಿ. ಮೂರನೆಯವನು ನೌಕಾಪಡೆಯಲ್ಲಿದ್ದ ಹುಡುಗ, ಉಳಿದ ಇಬ್ಬರೂ ಅವನನ್ನು ಸೇಲರ್ ಎಂದೇ ಕರೆಯುತ್ತಿದ್ದರು. ಮೂವರೂ ಅದೇ ಕೋರ್ಸಿನಲ್ಲಿದ್ದರು. ಆ ಕೋರ್ಸಿಗೆ ಬರುವ ಮೊದಲು ಒಬ್ಬರಿಗೊಬ್ಬರು ಗುರುತೇ ಇರಲಿಲ್ಲ.

ಅವರು ಓದುವ ರೀತಿ ನೋಡಬೇಕಿತ್ತು. ಒಬ್ಬರು ಲೆಕ್ಕವನ್ನು ಜೋರಾಗಿ ಓದುವುದು, ಇನ್ನೊಬ್ಬರು ಬಿಡಿಸುವ ಕ್ರಮವನ್ನು ಒಂದೊಂದಾಗಿ ಹೇಳುವುದು, ಮೂರನೆಯವರು ಅದನ್ನು ಹೇಳಿದ ಹಾಗೇ ತಿರುಗಿ ಒಪ್ಪಿಸುವುದು. ಆಮೇಲೆ ಸರದಿ ಬದಲು. ಪ್ರತಿ ಹೆಜ್ಜೆಗೂ ಬೇರೆ ಸಾಲು, ಸಾಲಿಗೆ ನಂಬರು, ಕೊನೆಯಲ್ಲಿ ತಾಳೆ ನೋಡಿದ್ದಕ್ಕೆ ಒಂದು ಟಿಕ್ಕು. ಇಷ್ಟು ಸುಲಭದ್ದನ್ನು ಯಾಕೆ ಬರೆಯಬೇಕು ಎಂದು ಯಾರೂ ಹೆಜ್ಜೆ ಹಾರಿಸುವಂತಿಲ್ಲ. ಸಾರ್ಜೆಂಟ್ ಬಿಡುತ್ತಲೇ ಇರಲಿಲ್ಲ. ಮೂವರಲ್ಲಿ ಒಬ್ಬರಿಗೆ ಬಾರದೆ ಇದ್ದರೂ ಮುಂದಿನ ಲೆಕ್ಕಕ್ಕೆ ಹೋಗುವ ಹಾಗಿಲ್ಲ. ಪಕ್ಕದ ಮೇಜಿನವರು ಗಲಾಟೆ ಎಂದು ಮುಖ ಸಿಂಡರಿಸುತ್ತಿದ್ದರು. ನನಗೆ ಮಾತ್ರ ಪ್ರೈಮರಿ ಶಾಲೆಯಲ್ಲಿ ಇಡೀ ತರಗತಿ ಒಂದೇ ದನಿಯಲ್ಲಿ ಮಗ್ಗಿ ಹೇಳುತ್ತಿದ್ದುದು ನೆನಪಾಗಿ ಖುಷಿಯಾಗುತ್ತಿತ್ತು. ಕಂಬೈಂಡ್ ಸ್ಟಡಿ ಮಾಡದೆ ಪಾಸಾದವರು ನಮ್ಮ ಕಡೆ ಯಾರಿದ್ದಾರೆ?

ಆ ಕೋರ್ಸು ತೆಗೆದುಕೊಳ್ಳುತ್ತಿದ್ದ ಪ್ರೊಫೆಸರಿಗೆ ಮಾತ್ರ ಪುರುಸೊತ್ತಿರಲಿಲ್ಲ. ಆತ ಯಾವುದೋ ಇಂಟರ್‌ನೆಟ್ ಕಂಪನಿಗೆ ಸಲಹೆಗಾರನೂ ಆಗಿದ್ದ, ಮನಸ್ಸೆಲ್ಲ ಅಲ್ಲೇ. ಫೈನಲ್ ಪರೀಕ್ಷೆಯ ದಿನ ಕಂಪನಿಯಲ್ಲಿ ಏನೋ ಮುಖ್ಯ ಮೀಟಿಂಗು ಬಂತು. ಸರಿ, ಪ್ರಶ್ನೆಪತ್ರಿಕೆ ಹಂಚಿ, "ಮನೆಗೆ ತೆಗೆದುಕೊಂಡು ಹೋಗಿ ಬರೆಯಿರಿ, ಒಬ್ಬೊಬ್ಬರೇ ಬರೆಯಿರಿ, ಸೋಮವಾರ ತಂದುಕೊಡಿ" ಎಂದು ಕೈ ತೊಳೆದುಕೊಂಡ. ಮೂವರೂ ತಮ್ಮ ತಮ್ಮ ಮನೆಯಲ್ಲಿ ಕೂತು ಬರೆದರು. ಸಾರ್ಜೆಂಟ್ ಗಿಲ್‌ರಾಯ್‌ನಲ್ಲಿ, ಹುಡುಗಿ ಸ್ಯಾನ್ ಹೋಸೆಯ ಉತ್ತರಕ್ಕಿರುವ ಡಬ್ಲಿನ್‌ನಲ್ಲಿ, ಸೇಲರ್ ಎಲ್ಲೋ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆ ವಾರಾಂತ್ಯ ಅವರು ಫೋನು ಕೂಡ ಮಾಡಿಕೊಳ್ಳಲಿಲ್ಲ, ಯಾಕೆಂದರೆ ಒಬ್ಬೊಬ್ಬರೇ ಬರೆಯಿರಿ ಎಂದು ಆಜ್ಞೆಯಾಗಿತ್ತು. ಆಜ್ಞೆ ಎಂದೇ ಅವರು ಹೇಳಿದ್ದು.

ಪ್ರೊಫೆಸರ್ ಪೇಪರು ತಿದ್ದಲು ಕೂತಾಗ ಮೂರು ಪೇಪರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಅದೇ ಸಾಲು, ಅದೇ ನಂಬರು, ಅದೇ ಟಿಕ್ಕು. ಇದು ಸಾಲದು ಎಂಬಂತೆ ಒಂದು ಲೆಕ್ಕದಲ್ಲಿ ಮೂವರದೂ ಒಂದೇ ತಪ್ಪು. ಒಂದು ಟ್ರಕ್ಕು ಇಷ್ಟು ದೂರ ಹೋಗಲು ಎಷ್ಟು ಗ್ಯಾಲನ್ ಪೆಟ್ರೋಲು ಬೇಕು ಎಂಬ ಲೆಕ್ಕ. ಸರಿಯುತ್ತರ ನಲವತ್ತಾರು ಪಾಯಿಂಟ್ ಎರಡು. ಕ್ಲಾಸಿನಲ್ಲಿ ಲೆಕ್ಕ ಬಂದವರೆಲ್ಲ ಹಾಗೇ ಬರೆದಿದ್ದರು. ಇವರು ಮೂವರು ಮಾತ್ರ ನಲವತ್ತೇಳು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಪ್ರೊಫೆಸರ್ ಮೂವರ ಮೇಲೂ ಕಾಪಿ ಹೊಡೆದ ದೂರು ಕೊಟ್ಟ.

ಸುದ್ದಿ ತಿಳಿದು ನಾನು ಆ ಹುಡುಗಿಯನ್ನು ಲ್ಯಾಬಿಗೆ ಕರೆದು ಕೇಳಿದೆ. "ನಲವತ್ತೇಳು ಯಾಕೆ ಬರೆದ್ರಿ?"

ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಮ್ಯಾಮ್, ಟ್ರಕ್ ಹೊರಡ್ತಿದೆ. ಪಾಯಿಂಟ್ ಎರಡು ಅಂತ ಯಾರು ಅಳೆದು ಹಾಕ್ತಾರೆ? ದಾರೀಲಿ ಸಾಲದೆ ಬಂದ್ರೆ? ಅಂಥ ಲೆಕ್ಕ ಬಂದ್ರೆ ಯಾವಾಗ್ಲೂ ಮೇಲಕ್ಕೇ ಹೋಗ್ಬೇಕು ಅಂತ ಸಾರ್ಜೆಂಟ್ ಹೇಳಿಕೊಟ್ಟಿದಾರೆ. ನಮ್ಮ ಯೂನಿಟ್ಟಲ್ಲೂ ಹಾಗೇ ಇತ್ತು."

ಗಣಿತದ ಪ್ರಕಾರ ಅದು ತಪ್ಪೇ. ನಾನಾಗಿದ್ದರೂ ಒಂದು ಮಾರ್ಕು ಕಳೆಯುತ್ತಿದ್ದೆ. ಆದರೆ ಅದು ಪಕ್ಕದವರನ್ನು ನೋಡಿ ಬರೆದ ತಪ್ಪಲ್ಲ, ಸೈನ್ಯದಲ್ಲಿ ಇದ್ದು ಬಂದವರಷ್ಟೇ ಮಾಡಬಹುದಾದ ತಪ್ಪು. ಇದನ್ನು ಹೇಳಿದರೆ ಎಂಥವರಿಗೂ ಅರ್ಥವಾಗುತ್ತದೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡು ವಿಚಾರಣೆಗೆ ಬರುತ್ತೇನೆಂದು ನಾನೇ ಹೆಸರು ಕೊಟ್ಟೆ. ಮನೆಯಲ್ಲಿ ಗಂಡ, "ನಿನಗ್ಯಾಕೆ ಊರ ಉಸಾಬರಿ?" ಎಂದರು. ಅವರು ಆಗ ಒಂದು ಸ್ಟಾರ್ಟಪ್ಪಿನಲ್ಲಿದ್ದರು.

"ಅಲ್ಲ ರೀ, ನಿಮ್ಮ ಆಫೀಸಿನಲ್ಲಿ ಹತ್ತು ಜನ ಸೇರಿ ಒಂದೇ ಪ್ರೋಗ್ರಾಮು ಬರೀತೀರಿ. ಒಬ್ಬರದನ್ನ ಒಬ್ಬರು ಎತ್ತಿಕೊಂಡು ಹಾಕ್ತೀರಿ. ಅದಕ್ಕೇನಂತೀರಿ?"

"ಟೀಮ್‌ವರ್ಕು."

"ಇವರು ಒಟ್ಟಿಗೆ ಕಲಿತು, ಬೇರೆ ಬೇರೆ ಕೂತು ಬರೆದರೆ ಮಾತ್ರ ಕಳ್ಳತನವಾ?"

ಅವರು ನ್ಯೂಸ್ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ವಿಚಾರಣೆ ನಡೆದದ್ದು ಕಾಲೇಜಿನ ಹೊಸ ಮೀಟಿಂಗ್ ರೂಮಿನಲ್ಲಿ. ಅದನ್ನು ಒಂದು ಇಂಟರ್‌ನೆಟ್ ಕಂಪನಿ ಸಿಂಗಾರ ಮಾಡಿಕೊಟ್ಟಿತ್ತು. ಗೋಡೆಯಲ್ಲಿ ಕೈಯ ಮೇಲೆ ಕೈಯಿಟ್ಟು ನಗುತ್ತಿರುವ ಜನರ ದೊಡ್ಡ ಚಿತ್ರ, ಕೆಳಗೆ 'ಒಟ್ಟಾಗಿ ಯೋಚಿಸೋಣ' ಎಂಬ ಅರ್ಥದ ಮಾತು. ಅದರ ಕೆಳಗೇ ಕೂತು ಡೀನು, "ಇವತ್ತಿನ ಕಾಲದಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದು ಸ್ವಂತ ಯೋಚನೆ" ಎಂದರು. ನನಗೆ ನಗು ಬಂತು, ಆಮೇಲೆ ಮೈ ಉರಿಯಿತು. ಡೀನಿನ ಅಕ್ಕಪಕ್ಕ ಇಬ್ಬರು ಮೇಷ್ಟ್ರುಗಳು, ಎದುರಿಗೆ ಆ ಮೂವರು. ಸಾರ್ಜೆಂಟ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮೂವರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

ಮೊದಲು ನನ್ನನ್ನು ಕೇಳಿದರು. ಅವರು ಓದುವ ರೀತಿ, ಸಾಲು, ನಂಬರು, ನಲವತ್ತೇಳು ಎಲ್ಲವನ್ನೂ ಹೇಳಿದೆ. ಸಾಧ್ಯವಾದಷ್ಟು ಶಾಂತವಾಗಿಯೇ ಹೇಳಿದೆ, ಬೇಕಾದರೆ ದೇವರಾಣೆ. ಮೇಷ್ಟ್ರೊಬ್ಬರು ತಲೆದೂಗಿದರು ಕೂಡ. ಬೇಕಾದರೆ ಮೂವರನ್ನೂ ಮೂರು ಕೋಣೆಯಲ್ಲಿ ಕೂರಿಸಿ ಈಗಲೇ ಇನ್ನೊಂದು ಪರೀಕ್ಷೆ ಕೊಡಿ ಎಂದೆ. ಡೀನು, "ಅದನ್ನೂ ನೋಡೋಣ" ಎಂದು ಗಡಿಯಾರ ನೋಡಿದರು. ಆಮೇಲೆ ಮೂವರ ಕಡೆ ತಿರುಗಿ, ಅಂಗಡಿಯಲ್ಲಿ ಬಿಲ್ಲು ಯಾರು ಕೊಡುತ್ತೀರಿ ಎಂದು ಕೇಳುವ ಹಾಗೆ ಕೇಳಿದರು:

"ಮೂರು ಪೇಪರೂ ಒಂದೇ ಥರ ಇವೆ. ಇದಕ್ಕೆ ಯಾರು ಜವಾಬ್ದಾರಿ?"

ಸಾರ್ಜೆಂಟ್ ಎದ್ದು ನಿಂತ. "ನಾನು, ಸರ್."

ಹುಡುಗಿ ಅರ್ಧ ಎದ್ದಳು. ಆತ ಆಕೆಯ ಕಡೆ ಒಂದು ಸಲ ನೋಡಿದ, ಅಷ್ಟೇ. ಆಕೆ ಕೂತಳು. ಸೇಲರ್ ತಲೆ ತಗ್ಗಿಸಿದ. ಕೆಳಗಿನವರ ವಿಷಯದಲ್ಲಿ ಏನೇ ಕೇಳಿದರೂ ಮೇಲಿನವನು ಎದ್ದು ನಿಂತು ನಾನು ಎನ್ನಬೇಕು, ಉಳಿದವರು ಬಾಯಿ ಹಾಕಬಾರದು. ಅದು ಅವರ ಪದ್ಧತಿ. ಆ ಮೂವರಿಗೆ ಅದು ಉಸಿರಾಡುವಷ್ಟು ಸಹಜ. ಆದರೆ ವಿಚಾರಣೆ ಮಾಡಲು ಕೂತವರು ಯಾರೂ ಜೀವಮಾನದಲ್ಲಿ ಯಾವುದಕ್ಕೂ ನಾನು ಜವಾಬ್ದಾರಿ ಎಂದು ಹೇಳಿದವರಲ್ಲ. ಅವರಿಗೆ ಆ ಮಾತಿಗೆ ಒಂದೇ ಅರ್ಥ ಗೊತ್ತಿತ್ತು. ಡೀನಿನ ಮುಖದಲ್ಲಿ ಎಂಥ ನೆಮ್ಮದಿ ಬಂತೆಂದರೆ, ಹಲ್ಲು ನೋವು ತಟ್ಟನೆ ನಿಂತವರ ಮುಖ ಹಾಗಿರುತ್ತದೆ.

"ಒಪ್ಪಿಕೊಂಡಿದ್ದು ಒಳ್ಳೆಯದಾಯಿತು" ಎಂದರು.

"ಒಪ್ಪಿಕೊಳ್ಳೋದಾ? ಆತ ಹೇಳಿದ್ದು ಅದಲ್ಲ!" ಎಂದು ನಾನು ಕೂಗಿದೆ. ಕೂಗಿದೆ ಎಂದೇ ಬರೆಯುತ್ತೇನೆ, ನಾಚಿಕೆಯಿಲ್ಲ. "ಹೀಗೆ ಬರೆಯೋದನ್ನ ತಾನು ಹೇಳಿಕೊಟ್ಟೆ ಅಂತ ಹೇಳ್ತಿದಾನೆ. ಕಾಪಿ ಹೊಡೆಸಿದೆ ಅಂತ ಹೇಳ್ತಿಲ್ಲ. ಏನು ಮಾಡಿದೆ ಅಂತ ಕೇಳಿ ಆತನನ್ನ!"

"ಮೇಡಂ, ನಿಮ್ಮ ಮಾತು ಕೇಳಿ ಆಯಿತು" ಎಂದರು ಡೀನು. ಏನು ಮಾಡಿದೆ ಎಂದು ಯಾರೂ ಕೇಳಲಿಲ್ಲ.

ಇಬ್ಬರು ಕಿರಿಯರನ್ನು ಪಾಸು ಮಾಡಿದರು. ಸಾರ್ಜೆಂಟನನ್ನು ಆ ಕೋರ್ಸಿನಲ್ಲಿ ಫೇಲು ಮಾಡಿ, ಪರೀಕ್ಷೆಯಲ್ಲಿ ಮೋಸ ಮಾಡಿದವನೆಂದು ದಾಖಲೆಯಲ್ಲಿ ಬರೆದರು. ಯೂನಿವರ್ಸಿಟಿಯ ಸೀಟು ಹೋಯಿತು. ಪ್ರೊಫೆಸರ್ ಆ ದಿನವೂ ಬಂದಿರಲಿಲ್ಲ. ಕಂಪನಿಯಲ್ಲಿ ಮೀಟಿಂಗಿತ್ತಂತೆ.

ಮರುದಿನ ಡೀನಿನ ಕೋಣೆಗೆ ನುಗ್ಗಿದೆ. ಮನುಷ್ಯ ಕೆಟ್ಟವನೇನಲ್ಲ, ಅದೇ ಇನ್ನೂ ಸಿಟ್ಟು ಬರಿಸುತ್ತದೆ. ಕೂರಿಸಿ ನೀರು ಕೊಟ್ಟರು, ಸಮಾಧಾನವಾಗಿ ಕೇಳಿಸಿಕೊಂಡರು. "ನನಗೂ ಬೇಜಾರಿದೆ. ಆದರೆ ಆತನೇ ಹೇಳಿಬಿಟ್ಟನಲ್ಲ! ಆತ ಆ ಮಾತನ್ನು ವಾಪಸು ತಗೊಂಡು, ನಾನು ಜವಾಬ್ದಾರನಲ್ಲ ಅಂತ ಬರೆದುಕೊಡಲಿ. ಮತ್ತೆ ಪರೀಕ್ಷೆ ಕೊಡಿಸೋಣ" ಎಂದರು.

ಸಾರ್ಜೆಂಟ್ ಕೆಫೆಟೇರಿಯಾದಲ್ಲಿದ್ದ. ಓಡಿಹೋಗಿ ಹೇಳಿದೆ. ಒಂದೇ ಒಂದು ಸಾಲು ಬರೆದರೆ ಸಾಕು, ಬೇಸಿಗೆಯಲ್ಲೇ ಪರೀಕ್ಷೆ, ಸೀಟೂ ಉಳಿಯಬಹುದು. ಆತ ಗಮನವಿಟ್ಟು ಕೇಳಿದ. ಆಮೇಲೆ ತಲೆಯಾಡಿಸಿದ.

"ಆಗೋದಿಲ್ಲ, ಮ್ಯಾಮ್. ಅವರಿಬ್ಬರಿಗೂ ಹಾಗೆ ಬರೆಯೋದು ಹೇಳಿಕೊಟ್ಟಿದ್ದು ನಾನು. ನಾನಲ್ಲ ಅಂತ ಹೇಗೆ ಬರೀಲಿ?"

"ಆದರೆ ಅದು ತಪ್ಪೇ ಅಲ್ಲವಲ್ಲ!"

"ತಪ್ಪಾ ಸರಿಯಾ ಅಂತ ಅವರು ಕೇಳಲಿಲ್ಲ. ಯಾರು ಅಂತ ಕೇಳಿದರು."

"ನೀನು ಮೇಷ್ಟ್ರಾಗಬೇಕು ಅಂತಿದ್ದೆಯಲ್ಲ. ಅದರ ಗತಿ?"

"ನಾನಲ್ಲ ಅಂತ ಬರೆದರೆ ಮುಂದಿನ ಪ್ರಶ್ನೆ, ಹಾಗಾದರೆ ಯಾರು ಅಂತ. ಆಗ ಆ ಹುಡುಗೀನ ಕರೀತಾರೆ. ಆಕೆಗೆ ನರ್ಸಿಂಗ್ ಸೀಟಿಗೆ ಇದೇ ಕೋರ್ಸು ಬೇಕು."

ನನಗೆ ಆತನ ಮೇಲೂ ಕೆಂಡದಂಥ ಸಿಟ್ಟು ಬಂತು. ಹಠಮಾರಿ, ಕತ್ತೆ, ನಿನ್ನ ತಲೆಯಲ್ಲಿ ಏನು ತುಂಬಿದೆ ಎಂದು ಕನ್ನಡದಲ್ಲೇ ಬೈದೆ. ಆತನಿಗೆ ಒಂದಕ್ಷರವೂ ಗೊತ್ತಾಗಿರಲಿಕ್ಕಿಲ್ಲ. ಆದರೂ "ಯೆಸ್, ಮ್ಯಾಮ್" ಎಂದ. ನನಗೆ ಅಲ್ಲೇ ಅಳು ಬಂತು. ಯಾರ ಮೇಲಿನ ಸಿಟ್ಟಿಗೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಆತ ಎದ್ದುಹೋಗಿ ಪೇಪರ್ ನ್ಯಾಪ್ಕಿನ್ನು ತಂದುಕೊಟ್ಟ. ಆ ಬೇಸಿಗೆಯಲ್ಲೇ ಗಿಲ್‌ರಾಯ್‌ನ ಔಟ್‌ಲೆಟ್ ಅಂಗಡಿಗಳ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದನೆಂದು ತಿಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಸಿಟ್ಟೂ ವಯಸ್ಸಿನ ಜೊತೆ ಮೆತ್ತಗಾಗುತ್ತಿತ್ತೋ ಏನೋ. ಮುಂದಿನ ವರ್ಷ, ಮೀಟಿಂಗ್ ರೂಮು ಸಿಂಗಾರ ಮಾಡಿಕೊಟ್ಟಿದ್ದ ಅದೇ ಇಂಟರ್‌ನೆಟ್ ಕಂಪನಿ ಕಾಲೇಜಿಗೆ ಕಂಪ್ಯೂಟರು, ಮೇಜು, ಕುರ್ಚಿ ಎಲ್ಲ ಕೊಟ್ಟಿತು. ಬದಲಿಗೆ ಏನಾದರೂ ಹೊಸದು ಮಾಡಿ ತೋರಿಸಬೇಕು. ಡೀನು ಯೋಚಿಸಿ ಯೋಚಿಸಿ ಹೊಸದೊಂದನ್ನು ಕಂಡುಹಿಡಿದರು. ಏನು ಗೊತ್ತೇ? ವಿದ್ಯಾರ್ಥಿಗಳು ಗುಂಪಾಗಿ ಕೂತು, ಒಬ್ಬರು ಓದಿ, ಒಬ್ಬರು ಹೇಳಿ, ಒಬ್ಬರು ತಿರುಗಿ ಒಪ್ಪಿಸಿ ಗಣಿತ ಕಲಿಯುವುದು. ಅದಕ್ಕೆ ಸ್ಟಡಿ ಟೀಮ್ ಎಂದು ಹೆಸರು. ಮೊದಲ ಗುಂಪು ಮಾಜಿ ಸೈನಿಕರದೇ ಆಗಲಿ, ಕರಪತ್ರದಲ್ಲಿ ಚೆನ್ನಾಗಿ ಕಾಣುತ್ತದೆ ಎಂದರು. ವಿಚಾರಣೆಯ ದಿನ ನಾನು ಹೇಳಿದ ಮಾತನ್ನೇ ನನಗೆ ವಿವರಿಸಿ ಹೇಳಿದರು. ಎಲ್ಲಿ ಕೇಳಿದ್ದೆಂದು ಅವರಿಗೆ ನೆನಪಿರಲಿಲ್ಲ.

"ಇದನ್ನು ನಡೆಸೋಕೆ ಒಬ್ಬ ಮನುಷ್ಯ ಇದಾನೆ. ಗಿಲ್‌ರಾಯ್‌ನಲ್ಲಿ ಪೆಟ್ಟಿಗೆ ಹೊರ್ತಿದಾನೆ" ಎಂದೆ.

ಡೀನಿಗೆ ನೆನಪಾಯಿತು. ಮುಖ ಸಣ್ಣದು ಮಾಡಿಕೊಂಡು, ಮೇಲಿನವರನ್ನು ವಿಚಾರಿಸುತ್ತೇನೆ ಎಂದರು. ಎರಡು ದಿನ ಬಿಟ್ಟು ಉತ್ತರ ಬಂತು: ಮೋಸ ಮಾಡಿದ ದಾಖಲೆ ಇದ್ದವರಿಗೆ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಕೆಲಸ ಕೊಡುವಂತಿಲ್ಲ. ಯಾವುದನ್ನು ಕಲಿಸಿದ್ದಕ್ಕೆ ಆತನನ್ನು ಹೊರಗೆ ಹಾಕಿದರೋ ಅದನ್ನೇ ಕಲಿಸಲು ಕೆಲಸ ಖಾಲಿಯಿದೆ, ಆತನೊಬ್ಬನಿಗೆ ಮಾತ್ರ ಅದು ಇಲ್ಲ. ನಾನು ಡೀನಿನ ಮೇಜು ಗುದ್ದಿದೆ. ಪೆನ್ನಿನ ಡಬ್ಬಿ ಉರುಳಿತು. ಅವರು ಪೆನ್ನುಗಳನ್ನು ಒಂದೊಂದಾಗಿ ಎತ್ತಿಡುತ್ತ, "ನಿಯಮ ನಾನು ಮಾಡಿದ್ದಲ್ಲ" ಎಂದರು.

ಕೆಲಸಕ್ಕೆ ಹುಡುಗಿಯನ್ನೂ ಸೇಲರನನ್ನೂ ಕರೆದರು. ಇಬ್ಬರೂ ಒಲ್ಲೆವೆಂದರು. ನನಗೆ ಒಳಗೊಳಗೇ ಸಂತೋಷವಾಯಿತು. ಎರಡೇ ದಿನ. ಯಾರೋ ಗಿಲ್‌ರಾಯ್‌ಗೆ ಸುದ್ದಿ ಮುಟ್ಟಿಸಿದ್ದರು, ಆತ ಇಬ್ಬರಿಗೂ ಫೋನು ಮಾಡಿದ್ದ. ಹೊಸದಾಗಿ ಸೈನ್ಯ ಬಿಟ್ಟು ಬರುತ್ತಿರುವವರು ಇದ್ದಾರೆ, ಅವರಿಗೆ ಯಾರೂ ಇಲ್ಲ, ಸುಮ್ಮನೆ ಹೋಗಿ ಕಲಿಸಿ ಎಂದನಂತೆ. ಆತ ಹೇಳಿದ ಮೇಲೆ ಅವರು ಹೋಗದೆ ಇರುತ್ತಾರೆಯೇ?

ಮೊದಲ ಕ್ಲಾಸಿನ ದಿನ ನಾನು ಹಿಂದಿನ ಮೇಜಿನಲ್ಲಿ ಕೂತಿದ್ದೆ. ಏಳೆಂಟು ಜನ ಬಂದಿದ್ದರು, ಇನ್ನೂ ತಲೆಗೂದಲು ಬೆಳೆಯದ ಎಳೆಯ ಮುಖಗಳು. ಕಂಪನಿಯವರು ಬಂದು ಫೋಟೋ ತೆಗೆದರು. ಡೀನು ಎದೆಯ ಮೇಲೆ ಕೈಯಿಟ್ಟು ನಾಲ್ಕು ಮಾತಾಡಿದರು. ಎಲ್ಲ ಹೊರಟುಹೋದ ಮೇಲೆ ಹುಡುಗಿ ಎದ್ದು ಬಾಗಿಲು ಹಾಕಿ ಬಂದಳು. ಪುಸ್ತಕ ತೆರೆಯಲು ಹೋದವರಿಗೆ ಬೇಡ ಎಂದು ಕೈಸನ್ನೆ ಮಾಡಿದಳು.

"ಗಣಿತ ಆಮೇಲೆ. ಮೊದಲು ಇದನ್ನ ಕಲೀರಿ" ಎಂದಳು. "ಈ ಕಾಲೇಜಲ್ಲಿ ಯಾರಾದರೂ ನಿಮ್ಮನ್ನ ನಿಲ್ಲಿಸಿ, ಇದಕ್ಕೆ ಯಾರು ಜವಾಬ್ದಾರಿ ಅಂತ ಕೇಳಿದರೆ, ಎದ್ದು ನಿಲ್ಲಬೇಡಿ. ನನಗೆ ಗೊತ್ತಿಲ್ಲ ಅನ್ನಿ. ನಿಮ್ಮ ಹಿರಿಯರು ಎದ್ದರೆ ಕೈ ಹಿಡಿದು ಕೂರಿಸಿ. ಅವರು ಕಣ್ಣು ಬಿಟ್ಟರೂ ಬಿಡಬೇಡಿ."

ಒಬ್ಬ ಹುಡುಗ ನಕ್ಕ. ತಮಾಷೆ ಎಂದುಕೊಂಡಿದ್ದ. ಆಕೆ ನಗಲಿಲ್ಲ.

"ತಿರುಗಿ ಹೇಳಿ" ಎಂದಳು.

ಎಲ್ಲರೂ ಒಟ್ಟಿಗೆ, ಒಂದೇ ದನಿಯಲ್ಲಿ, ನನಗೆ ಗೊತ್ತಿಲ್ಲ ಎಂದರು. ಆಕೆ ಇನ್ನೊಂದು ಸಲ ಹೇಳಿಸಿದಳು.